ಸುಮ್ಮನಿದ್ದರೆ ಒಪ್ಪಿಗೆಯೇ?

ಇಸಾಲ್ಮಿ,
ಜೂನ್ ೩೦, ಭಾನುವಾರ ಬೆಳಿಗ್ಗೆ

ಪ್ರೀತಿಯ ಹೆಲ್ಕಾ,

ಹೇಗಿದ್ದೀಯ ಮಗಳೇ? ಬಲಭುಜದ ನೋವು ಇಳಿಯಿತೇ? ಹಡಗಿನ ಹೊಟ್ಟೆಯಡಿ ಅಂಗಾತ ಮಲಗಿ ಬೆಸುಗೆ ಹಾಕುವ ಕೆಲಸವನ್ನು ಆಗಾಗ ಬೇರೆಯವರಿಗೂ ಬಿಟ್ಟುಕೊಡು. ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳುವುದರಲ್ಲಿ ನೀನು ಥೇಟ್ ನಿಮ್ಮಪ್ಪನೇ. ಬರ್ಗೆನ್‌ನಲ್ಲಿ ಮಳೆ ನಿಂತಿದೆಯೇ ಎಂದು ನಾನು ಕೇಳುವುದಿಲ್ಲ, ಅಲ್ಲಿ ಮಳೆ ನಿಂತರೆ ಪತ್ರಿಕೆಯಲ್ಲೇ ಬರುತ್ತದೆಯಂತೆ. ಹೊಟ್ಟೆ ತುಂಬ ಊಟ ಮಾಡುತ್ತಿದ್ದೀಯ ತಾನೇ? ಈ ಪತ್ರದ ಜೊತೆಗೇ ಒಂದು ಪೊಟ್ಟಣದಲ್ಲಿ ರೈ ರೊಟ್ಟಿ ಕಳಿಸುತ್ತಿದ್ದೇನೆ. ನಾರ್ವೆಯವರ ಬ್ರೆಡ್ಡು ಸ್ಪಂಜು ಅಗಿದಂತಿರುತ್ತದೆ ಎಂದು ನೀನೇ ಹೇಳಿದ್ದೆ. ನನಗಂತೂ ಮೊಣಕಾಲು ಬಿಟ್ಟರೆ ಬೇರೇನೂ ತೊಂದರೆಯಿಲ್ಲ, ಅದಕ್ಕೂ ಬೇಸಿಗೆ ಬಂದರೆ ಹಿತ.

ಫೋನು ಇರುವಾಗ ಅಮ್ಮ ಯಾಕೆ ಕಾಗದ ಬರೆಯುತ್ತಾಳೆ ಎಂದು ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ಏನಾಗುತ್ತದೆ ಎಂದು ನಿನಗೂ ಗೊತ್ತು. ಹವೆ ಹೇಗಿದೆ, ಸರಿಯಿದೆ, ಕೆಲಸ ಹೇಗಿದೆ, ಸರಿಯಿದೆ, ಆಮೇಲೆ ಇಬ್ಬರೂ ಉಸಿರು ಕೇಳಿಸಿಕೊಳ್ಳುತ್ತಾ ಕೂರುತ್ತೇವೆ. ಕ್ರಿಸ್‌ಮಸ್ ಆದಮೇಲೆ ಆ ಉಸಿರು ಇನ್ನೂ ಉದ್ದವಾಗಿದೆ. ಅವತ್ತು ನಮ್ಮ ಕಾರ್ಖಾನೆಯ ಒಸ್ಮೊ ಹೊಗೆಯಲ್ಲಿ ಬೇಯಿಸಿದ ಮುಯಿಕ್ಕು ಮೀನು ಹಿಡಿದುಕೊಂಡು ಬಾಗಿಲಲ್ಲಿ ನಿಂತಾಗ ನೀನು ಮೀನು ತಿಂದೆ, ತಟ್ಟೆ ತೊಳೆದೆ, ತುಟಿ ಪಿಟಕ್ಕೆನ್ನದೆ ಹೊರಗೆ ಹೋಗಿ ಸೌದೆ ಒಡೆದೆ. ಸೌದೆಮನೆ ಆಗಲೇ ತುಂಬಿತ್ತು. ಕಿಟಕಿಯಲ್ಲಿ ನಿಂತು ನಿನ್ನ ಕೊಡಲಿ ಏಳುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದೆ. ಅದು ಕೋಪದ ಕೊಡಲಿಯೋ, ಬರೀ ಸೌದೆಯ ಕೊಡಲಿಯೋ ನನಗೆ ತಿಳಿಯಲಿಲ್ಲ. ಇವತ್ತಿನವರೆಗೂ ತಿಳಿದಿಲ್ಲ. ಅದನ್ನು ಕೇಳುವುದಕ್ಕೇ ಈ ಪತ್ರ. ಆದರೆ ನೇರವಾಗಿ ಕೇಳಲು ಬಾಯಿ ಬರುವುದಿಲ್ಲ, ನಾನೂ ಸುತ್ತಿ ಬಳಸಿ ಮಾತಾಡುವ ಸಾವೊ ಸೀಮೆಯವಳೇ ತಾನೇ, ಅದಕ್ಕೆ ಮೊದಲು ಕಾರ್ಖಾನೆಯ ಕಥೆ ಹೇಳುತ್ತೇನೆ. ಅದಕ್ಕೂ ಇದಕ್ಕೂ ಸಂಬಂಧವಿದೆ, ತಾಳ್ಮೆಯಿಂದ ಓದು.

ಚಳಿಗಾಲದಲ್ಲಿ ಮಾಲೀಕ ಆಹ್ತಿ ನನ್ನನ್ನು ಕರೆದು ಕೂರಿಸಿದ. ಹಬೆಸ್ನಾನದ ಸೌನಾ ಒಲೆಗಳಿಗೆ ಬರುವ ಬೇಡಿಕೆಯೆಲ್ಲ ಈಗ ಅಂತರ್ಜಾಲದಲ್ಲೇ ಬರುತ್ತದೆ, ನಾನು ಒಬ್ಬಳೇ ಕೂತು ಒಂದೊಂದಕ್ಕೂ ಫೋನು ಮಾಡಿ ಮುಗಿಸುವುದು ಇನ್ನು ಆಗದ ಮಾತು ಎಂದ. "ಟುವೊವಿ, ನೀನ್ ಕಲ್ತ್ರೆ ಕೆಲ್ಸ ಇಲ್ಲೇ ಇರುತ್ತೆ. ಇಲ್ಲಾಂದ್ರೆ ಟಾಂಪೆರೆ ಕಡೆಯೋರ್ಗೆ ಒಪ್ಪಿಸ್ಬೇಕಾಗುತ್ತೆ" ಎಂದು ತನ್ನ ಬೂಟಿಗೆ ಹೇಳಿದ. ಮುಖ ನೋಡಿ ಹೇಳುವಷ್ಟು ಧೈರ್ಯ ಅವನಿಗೆಲ್ಲಿಂದ ಬರಬೇಕು. ನಿವೃತ್ತಿ ಕೈಗೆಟಕುವಷ್ಟು ಹತ್ತಿರವಿರುವಾಗ ಮತ್ತೆ ಶಾಲೆಗೆ ಹೋಗುವುದೇ ಎಂದು ನನಗೆ ರೇಗಿತು. ಆದರೂ ಹೋದೆ. ವಾರಕ್ಕೆರಡು ಸಂಜೆ ವೃತ್ತಿಶಾಲೆಯಲ್ಲಿ ಪಾಠ. ಕಲಿಸುವವಳು ಲಿನ್ನೇಯಾ, ದಕ್ಷಿಣದ ಟುರ್ಕು ಕಡೆಯ ಹುಡುಗಿ, ನಿನಗಿಂತ ಸ್ವಲ್ಪ ದೊಡ್ಡವಳಿರಬಹುದು. ಪಟಪಟ ಮಾತು. ಅವಳು ಉಸಿರು ತೆಗೆದುಕೊಳ್ಳುವುದನ್ನು ನೋಡಿದ ನೆನಪೇ ನನಗಿಲ್ಲ.

ಏನು ಕಲಿತೆ ಎಂದು ಕೇಳುತ್ತೀಯ? ಮೊದಲು ಕಲಿತದ್ದು ಚಿತ್ರ ಬರೆಯುವುದು. ಗ್ರಾಹಕರ ಬೇಡಿಕೆ ಬಂದಾಗಿನಿಂದ ಒಲೆ ಅವರ ಮನೆ ತಲುಪುವವರೆಗೆ ಏನೇನು ನಡೆಯುತ್ತದೋ ಅದನ್ನೆಲ್ಲ ಚೌಕಗಳಾಗಿ, ಬಾಣಗಳಾಗಿ ಬರೆಯಬೇಕು. ಆ ಚಿತ್ರವನ್ನೇ ಯಂತ್ರ ಓದಿ ನಡೆಸುತ್ತದೆ. ಉಗ್ರಾಣದವರು, ಸಾಗಣೆಯವರು, ವಿದ್ಯುತ್ ಕೆಲಸದವರು, ಇವರೆಲ್ಲ ವೆಬ್ ಸೇವೆ ಅಂತ ಒಂದೊಂದನ್ನು ತೆರೆದಿಟ್ಟಿರುತ್ತಾರೆ. ಅದು ಕಚೇರಿಯ ಕಿಟಕಿ ಇದ್ದ ಹಾಗೆ ಎಂದುಕೋ. ಅವರು ಹೇಳಿದ ರೀತಿಯಲ್ಲೇ ತಟ್ಟಿ, ಅವರು ಹೇಳಿದ ಮಾತುಗಳಲ್ಲೇ ಕೇಳಿದರೆ ಒಳಗಿಂದ ಉತ್ತರ ಬರುತ್ತದೆ. ಒಲೆಯ ಮೇಲಿಡುವ ಕಲ್ಲು ಇದೆಯೇ? ಇದೆ. ಗುರುವಾರ ಲಾರಿ ಇದೆಯೇ? ಇಲ್ಲ, ಶುಕ್ರವಾರ ಇದೆ. ನಮ್ಮ ಚಿತ್ರ ಒಂದರ ಮೇಲೊಂದು ಕಿಟಕಿ ತಟ್ಟುತ್ತಾ ಹೋಗುತ್ತದೆ. ಮೊದಲ ಸಲ ನಾನು ಬರೆದ ಚಿತ್ರ ನಡೆದು, ನಾನು ಫೋನು ಮುಟ್ಟದೆಯೇ ಒಂದು ಒಲೆಗೆ ಲಾರಿ ಗೊತ್ತಾದಾಗ, ಹೆಲ್ಕಾ, ನಾನು ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟೆ. ತರಗತಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ನೋಡಲಿ.

ತೊಡಕು ಶುರುವಾದದ್ದು ಮನುಷ್ಯರಿಂದ. ಮಾಮೂಲಿ ಒಲೆಗೆ ಯಾರನ್ನೂ ಕೇಳಬೇಕಿಲ್ಲ. ಬಾಗಿಲು ಎಡಕ್ಕೆ ಬೇಕು, ಕಾಲು ಗಿಡ್ಡ ಬೇಕು, ಹೊಗೆಕೊಳವೆ ಹಿಂದೆ ಬೇಕು ಎನ್ನುವ ವಿಶೇಷ ಬೇಡಿಕೆ ಬಂದರೆ ಮಾತ್ರ ಮೂವರ ಒಪ್ಪಿಗೆ ಬೇಕು: ನಕ್ಷೆ ಬರೆಯುವ ಸಿರ್ಪಾ, ಬೆಸುಗೆ ಶೆಡ್ಡಿನ ಮೇಲ್ವಿಚಾರಕ ಒಸ್ಮೊ, ಮಾಲೀಕ ಆಹ್ತಿ. "ಈಗ ಹೇಗ್ ಒಪ್ಪಿಗೆ ತಗೋತೀರಾ?" ಎಂದು ಲಿನ್ನೇಯಾ ಕೇಳಿದಳು. ಕಾಫಿಗೆ ಕೂತಾಗ ಹೇಳುತ್ತೇನೆ ಎಂದೆ. "ಅವ್ರು ಏನಂತಾರೆ?" ಏನೂ ಅನ್ನುವುದಿಲ್ಲ ಎಂದೆ. ಅವಳು ಕಣ್ಣು ಕಣ್ಣು ಬಿಟ್ಟಳು. ಏನೂ ಅನ್ನದಿದ್ದರೆ ಆಯಿತು ಎಂದರ್ಥ, ಆಗದಿದ್ದರೆ ಯಾರಾದರೂ ಲೋಟ ಕೆಳಗಿಡುತ್ತಾರೆ ಎಂದು ವಿವರಿಸಿದೆ. ಲೋಟ ಕೆಳಗಿಡುವುದಕ್ಕೆ ಚೌಕ ಇಲ್ಲ ಎಂದಳು. ಕೊನೆಗೆ ಮೂವರ ಪರದೆಗೂ ಒಂದು ಪ್ರಶ್ನೆ ಹೋಗುವಂತೆ, ಕೆಳಗೆ ಒಪ್ಪಿದೆ, ಒಪ್ಪಿಲ್ಲ ಎಂಬ ಎರಡು ಗುಂಡಿ ಇರುವಂತೆ ಬರೆದೆವು. ಉತ್ತರವೇ ಬಾರದಿದ್ದರೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಬರೆದಿಡಬೇಕಂತೆ, ಇಲ್ಲದಿದ್ದರೆ ಯಂತ್ರ ಕಾಯುತ್ತಲೇ ನಿಂತಿರುತ್ತದೆ. ಪುಸ್ತಕದ ಉದಾಹರಣೆಯಲ್ಲಿ ಎರಡು ದಿನ ನೋಡಿ ತಿರಸ್ಕರಿಸು ಎಂದಿತ್ತು. ನಾನೂ ಹಾಗೆಯೇ ಬರೆದೆ. ಯಾಕೆ, ಏನು ಎಂದು ಆಗ ಹೊಳೆಯಲಿಲ್ಲ.

ಮೇ ತಿಂಗಳ ಕೊನೆಗೆ ಅದನ್ನು ಕಾರ್ಖಾನೆಯಲ್ಲಿ ಜಾರಿಗೆ ತಂದೆವು. ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಮುಂಚಿನ ದಿನಗಳು ಹೇಗಿರುತ್ತವೆ ಎಂದು ನಿನಗೆ ಹೇಳಬೇಕಿಲ್ಲ, ಕೆರೆದಂಡೆಯಲ್ಲಿ ಬೇಸಿಗೆಯ ಪುಟ್ಟ ಮನೆ ಇರುವವರೆಲ್ಲರಿಗೂ ಹಬ್ಬದ ಸಂಜೆಗೆ ಹೊಸ ಒಲೆ ಉರಿಯಲೇಬೇಕು. ಮಾಮೂಲಿ ಬೇಡಿಕೆಗಳು ಎಣ್ಣೆ ಹಾಕಿದ ಹಾಗೆ ಸಾಗಿದವು. ವಿಶೇಷ ಬೇಡಿಕೆಗಳ ಬಗ್ಗೆ ನಾನು ಕಾಫಿಗೆ ಕೂತಾಗ ಹಳೇ ಅಭ್ಯಾಸದಂತೆ ಬಾಯಲ್ಲೂ ಹೇಳಿದೆ. ಯಾರೂ ಲೋಟ ಕೆಳಗಿಡಲಿಲ್ಲ. ನಾನು ನಿಶ್ಚಿಂತೆಯಿಂದಿದ್ದೆ. ಒಂದು ಬೆಳಿಗ್ಗೆ ಪಕ್ಕದ ಊರು ಕಿಯುರುವೆಸಿಯಿಂದ ಲಾಹ್ಯಾ ಎಂಬ ಅಜ್ಜಿ ಫೋನು ಮಾಡಿದರು. "ಏನಮ್ಮಾ, ನಿಮ್ ಕಾರ್ಖಾನೆಗೆ ನನ್ ಕಂಡ್ರೆ ಆಗಲ್ವಾ? ನನ್ ಗಂಡ ಬದುಕಿದ್ದಾಗಿಂದ ನಿಮ್ ಒಲೆನೇ ಉರಿಸ್ತಿದೀನಿ. ಬಾಗ್ಲು ಎಡಕ್ಕೆ ಮಾಡ್ಕೊಡಿ ಅಂದಿದ್ಕೆ ಸಾಧ್ಯ ಇಲ್ಲ ಅಂತ ಕಳ್ಸೋದಾ? ನನ್ ಬಲಗೈ ಏಳಲ್ಲ ಕಣಮ್ಮಾ!" ನನಗೆ ತಲೆಬುಡ ಅರ್ಥವಾಗಲಿಲ್ಲ. ಪರದೆ ತೆಗೆದು ನೋಡಿದೆ. ವಿಶೇಷ ಬೇಡಿಕೆಗಳೆಲ್ಲ ಸಾಲಾಗಿ ತಿರಸ್ಕಾರ. ಎಲ್ಲರಿಗೂ ನಾನೇ ಬರೆದಿಟ್ಟ ವಿನಯದ ವಿಷಾದಪತ್ರ ಹೋಗಿತ್ತು, ಕೆಳಗೆ ನನ್ನದೇ ಹೆಸರು.

ಮೂವರಲ್ಲಿ ಒಬ್ಬರೂ ಗುಂಡಿ ಒತ್ತಿರಲಿಲ್ಲ. ಸಿರ್ಪಾಳನ್ನು ಕೇಳಿದರೆ ಒಸ್ಮೊ ಒತ್ತಲಿ ಎಂದು ಕಾಯುತ್ತಿದ್ದೆ, ಅವನಿಗಿಂತ ಮುಂಚೆ ಒತ್ತಿದರೆ ಚೆನ್ನಾಗಿರುವುದಿಲ್ಲ ಎಂದಳು. ಆಹ್ತಿಯನ್ನು ಕೇಳಿದರೆ ಅವರಿಬ್ಬರೂ ಒತ್ತಿದಮೇಲೆ ಮಾಲೀಕ ಒತ್ತಿದರೆ ಗೌರವ ಎಂದ. ಒಸ್ಮೊ ಇದ್ದಾನಲ್ಲ, ಆ ಗುಮ್ಮನಗುಸುಕ, ಶೆಡ್ಡಿನಲ್ಲಿ ಕೈ ಒರೆಸಿಕೊಳ್ಳುತ್ತಾ "ನಾನು ಬೇಡ ಅಂದ್ನಾ?" ಎಂದ. ಬೇಕು ಅಂತಲೂ ಹೇಳಲಿಲ್ಲವಲ್ಲ ಮಹರಾಯ ಎಂದೆ. "ಬೇಡ ಆಗಿದ್ರೆ ಹೇಳ್ತಿರ್ಲಿಲ್ವಾ?" ಎಂದ. ಆಮೇಲೆ ನಾನು ಹಿಡಿದು ತಂದಿದ್ದ ಪರದೆಯನ್ನು ಇಣುಕಿ ನೋಡಿ, "ಇದ್ರಲ್ಲಿ 'ನೋಡಾಣ' ಅನ್ನೋ ಗುಂಡಿ ಎಲ್ಲಿ?" ಎಂದು ಕೇಳಿದ. ನನಗೆ ಅಳಬೇಕೋ ನಗಬೇಕೋ ತಿಳಿಯದೆ ಅಲ್ಲೇ ಇದ್ದ ಒಲೆಯೊಂದರ ಮೇಲೆ ಕುಳಿತೆ. ಜಗತ್ತಿನಲ್ಲಿ ಬೇರೆ ಯಾರಿಗೂ ಬಾರದ ತೊಂದರೆ ಇದು, ನಮ್ಮವರಿಗೇ ಮೀಸಲು.

ತಪ್ಪನ್ನು ಹಿಂದಕ್ಕೆ ಸುತ್ತುವುದೂ ಸುಲಭವಿರಲಿಲ್ಲ. ತಿರಸ್ಕಾರವಾದೊಡನೆ ಯಂತ್ರ ತನ್ನಷ್ಟಕ್ಕೆ ಲಾರಿ ರದ್ದು ಮಾಡಿತ್ತು, ತೆಗೆದಿಟ್ಟ ಕಲ್ಲನ್ನು ಬೇರೆಯವರಿಗೆ ಬಿಟ್ಟುಕೊಟ್ಟಿತ್ತು. ಮಾಡಿದ್ದನ್ನು ಕೊನೆಯಿಂದ ಮೊದಲಿಗೆ ಒಂದೊಂದಾಗಿ ಬಿಚ್ಚಬೇಕು, ಹೆಣಿಗೆ ತಪ್ಪಿದಾಗ ಮಾಡುತ್ತೇವಲ್ಲ ಹಾಗೆ. ಆ ಬಿಚ್ಚುವ ದಾರಿಯನ್ನೂ ಮೊದಲೇ ಚಿತ್ರದಲ್ಲಿ ಬರೆದಿಡಬೇಕು ಎಂದು ಲಿನ್ನೇಯಾ ಹೇಳಿದ್ದು ಆಗ ನೆನಪಾಯಿತು. ಅವತ್ತಿನ ಪಾಠದ ಹೊತ್ತಿಗೆ ನಾನು ಬನ್ನು ತಿನ್ನುತ್ತಿದ್ದೆ. ನನ್ನ ಹಳೆಯ ಫೋನನ್ನೇ ಕೈಗೆತ್ತಿಕೊಂಡು ಒಬ್ಬೊಬ್ಬರಿಗೂ ಕ್ಷಮೆ ಕೇಳಿದೆ. ಬೈದವರು ಕಡಿಮೆ. ಹೆಚ್ಚಿನವರು "ಹೂಂ" ಎಂದು ಸುಮ್ಮನಾದರು, ಅದು ಬೈಗುಳಕ್ಕಿಂತ ಕಷ್ಟ. ಒಸ್ಮೊ ಶನಿವಾರಗಳಲ್ಲೂ ಬಂದು ಕೆಲಸ ಮಾಡಿದ. ಲಾಹ್ಯಾ ಅಜ್ಜಿಯ ಒಲೆಯನ್ನು ಲಾರಿಗೆ ಕಾಯದೆ ತನ್ನ ಗಾಡಿಯಲ್ಲೇ ಹೇರಿಕೊಂಡು ಹೋಗಿ ಕೂರಿಸಿ ಬಂದ. ನಾನು ಹೋಗು ಎಂದಿರಲಿಲ್ಲ, ಅವನು ಹೋಗಿಬಂದೆ ಎಂದೂ ಹೇಳಲಿಲ್ಲ. ಅಜ್ಜಿಯೇ ಫೋನು ಮಾಡಿ, "ಆ ಮೂಗ್ನನ್ನ ಎಲ್ ಹಿಡಿದ್ರಮ್ಮಾ, ಮೂರ್ ಲೋಟ ಕಾಫಿ ಕುಡ್ದ, ಮೂರ್ ಮಾತಾಡ್ಲಿಲ್ಲ, ಆದ್ರೆ ಚಿನ್ನದಂಥ ಕೆಲ್ಸ" ಎಂದರು. ನನಗೆ ಎಷ್ಟೋ ಸಮಾಧಾನವಾಯಿತು.

ಇಷ್ಟಾದಮೇಲೆ ಆಹ್ತಿ ಟಾಂಪೆರೆಯ ಮಾತೆತ್ತುತ್ತಾನೆ ಎಂದು ಕಾಫಿಯ ಮೇಜಿನಲ್ಲಿ ಎದೆ ಗಟ್ಟಿ ಮಾಡಿಕೊಂಡು ಕುಳಿತೆ. ನಾನೇ ಮೊದಲು ಹೇಳಿದೆ. ಇಲ್ಲಿ ಸುಮ್ಮನಿದ್ದರೆ ಒಪ್ಪಿಗೆ ಎಂದರ್ಥ, ಯಂತ್ರಕ್ಕೆ ನಾನು ಅದರ ತದ್ವಿರುದ್ಧ ಕಲಿಸಿದೆ, ತಿದ್ದಲು ಬಿಡಿ ಎಂದೆ. ಪ್ರಶ್ನೆ ಹೋದ ಮರುದಿನದ ಕಾಫಿ ಮುಗಿಯುವವರೆಗೆ ಯಾರೂ ಬೇಡ ಎನ್ನದಿದ್ದರೆ ಒಪ್ಪಿಗೆ ಎಂದೇ ತಿಳಿದು ಮುಂದೆ ಸಾಗುವಂತೆ ಬರೆಯುತ್ತೇನೆ ಎಂದೆ. ಎಲ್ಲರೂ ಲೋಟದೊಳಗೆ ನೋಡಿದರು. ಯಾರೂ ಕೆಳಗಿಡಲಿಲ್ಲ. ಆಗಿಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಒಸ್ಮೊ ಲೋಟ ಕೆಳಗಿಟ್ಟ. ಅವನು ಬಾಯಿ ತೆರೆಯಬೇಕಾದರೆ ನಮಗೆಲ್ಲ ಇನ್ನೊಂದು ಸುತ್ತು ಕಾಫಿ ಮುಗಿಯಿತು. "ಬಾಗ್ಲು ಎಡಕ್ಕೋ ಬಲಕ್ಕೋ, ಅದ್ಕೆ ಸುಮ್ನಿದ್ರೆ ಸಾಕು. ಒಲೆ ಮರದ ಗೋಡೆಗೆ ಹತ್ರ ಬೇಕು ಅಂತ ಕೇಳ್ತಾರಲ್ಲ, ಅದ್ಕೆ ಸಾಲ್ದು. ಬೆಂಕಿ ವಿಷ್ಯ. ಅಲ್ಲಿ ಮನುಷ್ಯ ಬಾಯ್ಬಿಟ್ಟು ಹೂಂ ಅನ್ಬೇಕು. ಎಷ್ಟ್ ದಿನ ಆದ್ರೂ ಕಾಯ್ಲಿ." ಅಷ್ಟು ದೊಡ್ಡ ಭಾಷಣ ಅವನ ಬಾಯಿಂದ ಬಂದದ್ದನ್ನು ನಾನು ಈವರೆಗೆ ಕೇಳಿರಲಿಲ್ಲ. ನಿಮ್ಮಪ್ಪ ತೀರಿಕೊಂಡಾಗಲೂ ಅವನು ನನ್ನ ಕೈ ಹಿಡಿದು "ರೆಯಿನೊ..." ಎಂದು ಅವರ ಹೆಸರಷ್ಟೇ ಹೇಳಿ, ಮಿಕ್ಕದ್ದನ್ನು ನುಂಗಿಕೊಂಡಿದ್ದ.

ಈಗ ನನ್ನ ಚಿತ್ರದಲ್ಲಿ ಎರಡು ದಾರಿಗಳಿವೆ. ಒಂದು ದಾರಿಯಲ್ಲಿ ಮೌನಕ್ಕೆ ಬೆಲೆಯಿದೆ, ಇನ್ನೊಂದರಲ್ಲಿ ಮಾತು ಬರುವವರೆಗೆ ಎಲ್ಲವೂ ನಿಂತಿರುತ್ತದೆ. ಲಿನ್ನೇಯಾಗೆ ತೋರಿಸಿದೆ. ಅವಳು ಎರಡೂ ದಾರಿಗಳ ಮೇಲೆ ಬೆರಳಾಡಿಸಿ ನೋಡಿ, "ನಿಮ್ ಸೀಮೆ ಜನ ನಂಗ್ ಈಗ ಸ್ವಲ್ಪ ಅರ್ಥ ಆದ್ರು" ಎಂದಳು. ಯಾವ ಬೇಡಿಕೆ ಎಲ್ಲಿ ನಿಂತಿದೆ ಎಂದು ದಿನಾ ಪರದೆಯಲ್ಲಿ ನೋಡಿಕೊಳ್ಳುವುದು ನನ್ನ ಕೆಲಸ. ಸಾಗಿದ್ದು ಹಸಿರು, ಕಾಯುತ್ತಿರುವುದು ಹಳದಿ. ಬೆಂಕಿಯ ದಾರಿಯ ಮೊದಲ ಬೇಡಿಕೆಗೆ ಒಸ್ಮೊ ನನ್ನ ಕೊಠಡಿಗೇ ಬಂದು, ಟೋಪಿ ತೆಗೆದು, ತೋರುಬೆರಳಿಂದ ಗುಂಡಿ ಒತ್ತಿದ. ಗೋಡೆಗೆ ಮೊಳೆ ಹೊಡೆಯುವವನಂತೆ ಒತ್ತಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಅವನಿಗೆ ಹಲ್ಲುಗಳಿವೆ ಎಂದು ಸಿರ್ಪಾ ಅವತ್ತು ಊರಿಗೆಲ್ಲ ಸಾರಿದಳು. ಆಹ್ತಿ ಟಾಂಪೆರೆಯ ಮಾತನ್ನು ಮತ್ತೆ ಎತ್ತಿಲ್ಲ, ಮುಂದಿನ ವರ್ಷದ ಕ್ಯಾಲೆಂಡರ್ ತಂದು ನನ್ನ ಮೇಜಿನ ಮೇಲಿಟ್ಟು ಹೋದ. ಅದರ ಅರ್ಥ ನನಗೆ ಗೊತ್ತು.

ಹೇಳಬೇಕಾದ್ದಕ್ಕೆ ಈಗ ಬಂದೆ, ಹೆಲ್ಕಾ. ನಮ್ಮ ಮನೆಯಲ್ಲೂ ಇಷ್ಟು ವರ್ಷ ಮೊದಲ ದಾರಿಯೊಂದೇ ಇತ್ತು. ನೀನು ಬೆಸುಗೆ ಕಲಿಯುತ್ತೇನೆಂದಾಗ ನಾನು ಸುಮ್ಮನಿದ್ದೆ, ನೀನು ಹೂಂ ಎಂದು ತಿಳಿದೆ, ಅದು ಹೂಂ ಆಗಿಯೇ ಇತ್ತು. ನೀನು ನಾರ್ವೆಗೆ ಹೋಗುತ್ತೇನೆಂದಾಗಲೂ ಸುಮ್ಮನಿದ್ದೆ. ಅಪ್ಪನ ಬೆಸುಗೆ ಮುಖವಾಡವನ್ನು ನೀನು ಚೀಲಕ್ಕೆ ಹಾಕಿಕೊಳ್ಳುವುದನ್ನು ನೋಡಿಯೂ ನೋಡದವಳಂತೆ ರೊಟ್ಟಿ ಕೊಯ್ದೆ, ತೆಗೆದುಕೊಂಡು ಹೋಗಲಿ ಎಂದೇ. ನಾವು ಹೀಗೆಯೇ ಒಬ್ಬರನ್ನೊಬ್ಬರು ಪ್ರೀತಿಸಿದವರು, ಅದರಲ್ಲಿ ನನಗೆ ದೂರಿಲ್ಲ. ಆದರೆ ಕ್ರಿಸ್‌ಮಸ್ ದಿನದ ನಿನ್ನ ಮೌನವನ್ನು ನಾನು ಒಪ್ಪಿಗೆಗೆ ಸೇರಿಸಿಕೊಂಡಿಲ್ಲ. ತಿರಸ್ಕಾರಕ್ಕೂ ಸೇರಿಸಿಲ್ಲ. ಅದು ಇನ್ನೂ ಹಳದಿಯಾಗಿಯೇ ಇದೆ. ನಿನಗೆ ಮೊದಲ ಬೆಸುಗೆ ಕೈಗವಸು ತಂದುಕೊಟ್ಟವನು ಒಸ್ಮೊ, ಅಪ್ಪನ ಪಕ್ಕದಲ್ಲೇ ಜೀವಮಾನವೆಲ್ಲ ಕೆಲಸ ಮಾಡಿದವನು. ಅವನು ನಮ್ಮ ಬಾಗಿಲಲ್ಲಿ ನಿಂತದ್ದು ನಿನಗೆ ನೋವಾಯಿತೋ ಇಲ್ಲವೋ ಹೇಳು. ನೋವಾಗಿದ್ದರೆ ಅದನ್ನು ಕೇಳಿಸಿಕೊಳ್ಳುವಷ್ಟು ಗಟ್ಟಿ ಇದ್ದೇನೆ.

ಉಳಿದಂತೆ ಎಲ್ಲ ಕ್ಷೇಮ. ನಾಳೆಯಿಂದ ಜುಲೈ ಪೂರ್ತಿ ಕಾರ್ಖಾನೆಗೆ ಬೀಗ. ಲೈಲಾಕ್ ಹೂ ಉದುರಿತು, ಆಲೂಗಡ್ಡೆ ಚಿಗುರಿದೆ, ಪಕ್ಕದ ಮನೆಯ ಬೆಕ್ಕು ನಮ್ಮ ಮೆಟ್ಟಿಲನ್ನು ತನ್ನದೆಂದು ತೀರ್ಮಾನಿಸಿದೆ. ನಿನ್ನ ಜೊತೆ ಕೆಲಸ ಮಾಡುವ ಹುಡುಗಿಯರಿಗೆ ರೊಟ್ಟಿಯಲ್ಲಿ ಒಂದೊಂದು ಚೂರು ಕೊಡು. ಭುಜಕ್ಕೆ ಬಿಸಿ ಕಾವು ಕೊಟ್ಟುಕೋ, ಟೋಪಿ ಮರೆಯಬೇಡ. ನೀನು ಎಲ್ಲಿದ್ದರೂ ಕೈಗೆ ಸುಡದ ಬೆಂಕಿ, ಕಾಲಿಗೆ ಒಣಗಿದ ಬೂಟು ಸಿಗಲಿ.

ನಿನ್ನ
ಅಮ್ಮ ಟುವೊವಿ

ತಾ.ಕ. ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಇದನ್ನು ಹೇಳದೆ ಕಳಿಸಿದರೆ ನಾನೂ ಸುಮ್ಮನಿದ್ದ ಹಾಗೆಯೇ. ಶುಕ್ರವಾರ ರಜೆಗೆ ಮುಂಚೆ ಕೊನೆಯ ಸಲ ಪರದೆ ನೋಡಿದಾಗ ಒಂದೇ ಒಂದು ಹಳದಿ ಉಳಿದಿತ್ತು. ಕಳಿಸಿದವನು ಒಸ್ಮೊ. ಅವನು ಎರಡು ಬೆರಳಲ್ಲಿ ಎಷ್ಟು ಹೊತ್ತು ಕೂತು ಬರೆದನೋ. ವಿಶೇಷ ಬೇಡಿಕೆಯಂತೆ. ಒಲೆ: ಇದೆ, ಹೊಸದು ಬೇಡ. ಸ್ಥಳ: ಒಸ್ಮೊನ ಕೆರೆದಂಡೆಯ ಮನೆ. ಎಷ್ಟು ಜನಕ್ಕೆ: ಇಬ್ಬರಿಗೆ. ಯಾವಾಗಿನಿಂದ: ಅವಳು ಹೇಳಿದಾಗಿನಿಂದ. ಒಪ್ಪಿಗೆ ಕೊಡಬೇಕಾದವರು: ಟುವೊವಿ. ಮೌನದ ದಾರಿಯಲ್ಲಿ ಕಳಿಸಿದ್ದರೆ ಅವನಿಗೆ ಸುಲಭವಿತ್ತು. ಅವನು ಬೆಂಕಿಯ ದಾರಿ ಆರಿಸಿದ್ದಾನೆ, ಎಷ್ಟು ದಿನವಾದರೂ ಕಾಯುವುದು. ನಾನು ಅದಕ್ಕೊಂದು ತಿದ್ದುಪಡಿ ಮಾಡಿದೆ. ಒಪ್ಪಿಗೆ ಕೊಡಬೇಕಾದವರ ಜಾಗದಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರನ್ನೂ ಸೇರಿಸಿದೆ. ಬೇಡ ಎಂದರೂ ಬೇಡ ಎಂದೇ ಹೇಳು, ಫೋನು ಮಾಡಿ ಹೇಳು. ನನ್ನ 'ಒಪ್ಪಿದೆ' ಗುಂಡಿಯನ್ನು ನಾನು ಶುಕ್ರವಾರವೇ ಒತ್ತಿದ್ದೇನೆ.